ಉಳಿದ ಐಸು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನ್ನ ಕೆಲಸ
ಲಾರಿ ಹೊರಡುವಾಗ ಎಷ್ಟು ಐಸು ಹೋಯಿತು
ಎಂದು ಬರೆಯುವುದು. ಅಷ್ಟೇ.
ಮರಳಿ ಬಂದವರನ್ನು ಕೇಳುವ ಚಟ ಮಾತ್ರ ನನ್ನ ಸ್ವಂತದ್ದು:
ಪೆಟ್ಟಿಗೆ ತೆರೆದಾಗ ಎಷ್ಟಿತ್ತು ಮಾರಾಯಾ, ಉಳಿದದ್ದು?

ಹೀಗೆ, ಎಲ್ಲಿಗೂ ಹೋಗದೆಯೇ
ನಾಲ್ಕೈದು ನಗರದ ರಸ್ತೆ ಬಲ್ಲೆ.

ಬೆಂಗಳೂರಿಗೆ ಪೆಟ್ಟಿಗೆಗೆ ಎರಡು ಸಲಿಕೆ ಹೆಚ್ಚು.
ಅರಬೈಲ್ ಘಟ್ಟ ಹತ್ತುವಾಗ ಕರಗುವುದಲ್ಲ ಅದು,
ಹುಬ್ಬಳ್ಳಿ ದಾಟಿ ರಾತ್ರಿಯಿಡೀ ಓಡುವಾಗಲೂ ಅಲ್ಲ;
ಕೊನೆಯ ಹದಿನಾಲ್ಕು ಕಿಲೋಮೀಟರಿನಲ್ಲಿ,
ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಕೆಳಗೆ.
ಬಂಗಡೆಯ ಕಣ್ಣು ಕೆಂಪಾಗುವುದು ಅಲ್ಲಿ.

ಮುಂಬೈಗೆ ಒಂದೂವರೆ. ಆಗಸ್ಟಿನಲ್ಲಾದರೆ ಮೂರು.
ಪನವೇಲಿನಿಂದ ವಾಶಿ ಸೇತುವೆಯವರೆಗೆ
ಇನಾಸ್ ಒಮ್ಮೆ ಇಡೀ ತೇರ್ಸ ಹೇಳಿ ಮುಗಿಸಿದನಂತೆ,
ಎರಡನೇ ಗೇರು ಹಾಕದೆ.
ಪುಣೆಗೆ ಒಂದು ಸಾಕು, ಕಾತ್ರಜದಲ್ಲಿ ಅದೃಷ್ಟವಿದ್ದರೆ.
ಹೈದರಾಬಾದಿನ ಲೆಕ್ಕ ನಂಬುವಂತಿಲ್ಲ:
ಮೊಹಿದ್ದೀನ್ ಅಲ್ಲಿ ತಂಗಿಯ ಮನೆ ಹೊಕ್ಕು ಬರುತ್ತಾನೆ,
ಹೇಳುವುದಿಲ್ಲ.

ಹೋದ ಚೌತಿಯ ಮುಂಚೆ ಪೇಪರಿನಲ್ಲಿ ಪಟ್ಟಿ ಬಂತು:
ಹತ್ತು ಕಿಲೋಮೀಟರಿಗೆ ಎಲ್ಲಿ ಎಷ್ಟು ನಿಮಿಷ,
ಯಾವ ನಗರ ಮೊದಲು, ಯಾವುದು ಆಮೇಲೆ.
ಚಹಾದಂಗಡಿಯಲ್ಲಿ ಜಗಳ.
ಬೆಂಗಳೂರೇ ಎಂದು ದತ್ತಾರಾಮ, ಮುಂಬೈ ಎಂದು ಇನಾಸ್,
ತಮ್ಮ ತಮ್ಮ ಊರಿನ ಕಬಡ್ಡಿ ತಂಡದ ಹಾಗೆ.
ನಾನು ಪುಸ್ತಕ ತಂದು ಮೇಜಿಗಿಟ್ಟೆ:
ನಿಮಿಷ ಸುಳ್ಳು ಹೇಳಬಹುದು, ನೀರು ಹೇಳುವುದಿಲ್ಲ.
ಎಲ್ಲರೂ ನಕ್ಕರು. ನಾನು ಸ್ವಲ್ಪ ಬೀಗಿದೆ.

ಅದೇ ವಾರ, ಗುರುವಾರ, ರಾತ್ರಿ ಒಂಬತ್ತೂಕಾಲಿಗೆ
ಐಸು ಪುಡಿಮಾಡುವ ಯಂತ್ರದ ಬೆಲ್ಟು
ಸುಕ್ರುವಿನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು.
ಅವನು ಕೂಗಲಿಲ್ಲ. ಕೈ ನೋಡಿಕೊಂಡ, ಯಾರದೋ ಎಂಬಂತೆ.
ಬೆರಳು ಹುಡುಕಿದ್ದು ನಾನು,
ಬಿಳಿ ಪುಡಿ ಕೆಂಪಾದ ಕಡೆ.
ಇಲ್ಲಿಯ ಆಸ್ಪತ್ರೆ ಕಟ್ಟು ಹಾಕಿ, ಚೀಟಿ ಬರೆದು, ಮುಂದೆ ಹೋಗಿ ಎಂದಿತು.
ಬೆರಳು ಕವರಿಗೆ, ಕವರು ಐಸಿಗೆ,
ಐಸು ಶೆಟ್ಲಿಯ ಚಿಕ್ಕ ಪೆಟ್ಟಿಗೆಗೆ.
ಎಷ್ಟು ಸಲಿಕೆ? ಎಂದ ದತ್ತಾರಾಮ.
ಮಣಿಪಾಲಕ್ಕೆ ನನ್ನ ಪುಸ್ತಕದಲ್ಲಿ ಲೆಕ್ಕವಿರಲಿಲ್ಲ.

ರಸ್ತೆ ಖಾಲಿ.
ಅಂಕೋಲೆ ಖಾಲಿ. ಗಂಗಾವಳಿ ಸೇತುವೆ ಖಾಲಿ.
ಕುಮಟೆಯಲ್ಲಿ ಒಂದು ನಾಯಿ.
ಹೊನ್ನಾವರದಲ್ಲಿ ಶರಾವತಿಯ ಮೇಲೆ ನಮ್ಮ ದೀಪ ಮಾತ್ರ.
ಇಂಥ ರಸ್ತೆಗೆ ಬೆಂಗಳೂರಿನವರು ದುಡ್ಡು ಕೊಟ್ಟಾರು ಅನ್ನಿಸಿತು,
ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.
ಯಾರೂ ಅಡ್ಡ ಬರಲಿಲ್ಲ. ಬಯ್ಯಲು ಯಾರೂ ಇರಲಿಲ್ಲ.
ಭಟ್ಕಳದಲ್ಲಿ ಸುಕ್ರು ಕೇಳಿದ: ಕರಗಿತಾ?
ಮುಚ್ಚಳ ತೆಗೆಯದೆ, ಇಲ್ಲ ಎಂದೆ.
ಬೈಂದೂರಿನಾಚೆಗೂ ಊರುಗಳಿದ್ದವು.

ಎರಡೂವರೆಗೆ ಮುಟ್ಟಿದೆವು.
ಮುಕ್ಕಾಲು ಐಸು ಹಾಗೇ ಇತ್ತು.
ಒಂದು ಬೆರಳು ಹಿಡಿಯಿತು. ಉಂಗುರದ್ದು ಹಿಡಿಯಲಿಲ್ಲ.

ನಿನ್ನೆ ಇನಾಸ್ ಬೆಂಗಳೂರಿನಿಂದ ಬಂದ, ಕೆಂಡವಾಗಿ:
ಮೂರು ತಾಸು ಮಾರಾಯಾ, ಒಂದೇ ಜಾಗ.
ಎದುರಿಗೊಂದು ಆಸ್ಪತ್ರೆ, ಹತ್ತು ಮಾಳಿಗೆಯದು,
ಅದರ ಬೋರ್ಡು ಓದಿ ಓದಿ ಬಾಯಿಪಾಠವಾಯಿತು,
ಹೃದಯ, ಮೂಳೆ, ನರ, ಕೈ...
ಅಲ್ಲಿಗೆ ನಿಲ್ಲಿಸಿದ.

ಸುಕ್ರು ಈಗ ಸಲಿಕೆ ಹಿಡಿಯುವುದಿಲ್ಲ. ನನ್ನ ಪಕ್ಕ ಕೂತು
ಎಡಗೈಯಲ್ಲಿ ಲೆಕ್ಕ ಬರೆಯುತ್ತಾನೆ,
ಅಕ್ಷರ ಮರಳ ಮೇಲೆ ಏಡಿ ನಡೆದ ಹಾಗೆ.
ಊರು: ಬೆಂಗಳೂರು. ಹೋದದ್ದು ಇಷ್ಟು. ಉಳಿದದ್ದು ಇಷ್ಟು.
ಹಿಂದಿನ ಪುಟದಲ್ಲಿ ನಾನು ಬರೆದ ಸಾಲೊಂದಿದೆ.
ಆ ಪುಟ ಬಂದರೆ ಎರಡು ಹಾಳೆ ಒಟ್ಟಿಗೆ ಮಗುಚುತ್ತಾನೆ.
ಮಣಿಪಾಲ. ಟ್ರಾಫಿಕ್ಕು: ಇಲ್ಲ. ಉಳಿದ ಐಸು: ಮುಕ್ಕಾಲು.